ಮಾಡದ ಕಳ್ಳತನ ಒಪ್ಪಿಕೊಂಡ ಹುಡುಗ

ಮುಂಬಯಿಯ ಮಾಟುಂಗಾದಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ವಕೀಲನಾದ ನನ್ನನ್ನು ಕೇಳಿಯೇ ಕೇಳುತ್ತಾರೆ: "ಕೊಲೆ ಮಾಡಿದವನ ಪರ ಅದು ಹೇಗೆ ವಾದಿಸ್ತೀರಿ ಮಾರಾಯ್ರೆ?" ಇದಕ್ಕೆ ಉತ್ತರ ಸುಲಭ. ಆರೋಪಿಯ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ಅವನ ಪರ ನಿಲ್ಲಬೇಕು ಅಂತ ವಕೀಲರ ನಡತೆಗೆ ಬಾರ್ ಕೌನ್ಸಿಲ್ ಮಾಡಿದ ನಿಯಮವೇ ಹೇಳುತ್ತದೆ. ಸಾಕಷ್ಟು ಸಾಕ್ಷ್ಯ ಇಲ್ಲದೆ ಯಾರಿಗೂ ಶಿಕ್ಷೆ ಆಗಬಾರದು, ಅಷ್ಟೇ. ಆ ಪ್ರಶ್ನೆಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ. ನನ್ನನ್ನು ಕಾಡಿದವನು ಏನೂ ಕದಿಯದ ಒಬ್ಬ ಹುಡುಗ.

ಹತ್ತು ವರ್ಷದ ಮೇಲಾಯಿತು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕುಂದಾಪುರ ಕಡೆಯವನು, ಹೋಟೆಲಿನಲ್ಲಿ ಕ್ಲೀನರ್. ಗಲ್ಲಾಪೆಟ್ಟಿಗೆಯಿಂದ ದುಡ್ಡು ಹೋಯಿತು ಅಂತ ಹೋಟೆಲಿನ ಸೇಟು ಇವನ ಮೇಲೆ ದೂರು ಕೊಟ್ಟರು. ಕೆಲಸದವನೇ ಮಾಲೀಕನದ್ದು ಕದ್ದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಜಾಮೀನು ಸಿಕ್ಕಿತ್ತು. ಆದರೆ ಶ್ಯೂರಿಟಿ, ಅಂದರೆ ಅವನಿಗಾಗಿ ಕೋರ್ಟಿನಲ್ಲಿ ಹೊಣೆ ನಿಲ್ಲುವವರನ್ನು, ಎಲ್ಲಿಂದ ತರುವುದು? ಮುಂಬಯಿಯಲ್ಲಿ ಅವನಿಗೆ ರೇಷನ್ ಕಾರ್ಡ್ ಇಲ್ಲ. ಗೊತ್ತಿರುವ ಒಬ್ಬರೇ ದೊಡ್ಡ ಮನುಷ್ಯರೆಂದರೆ ದೂರು ಕೊಟ್ಟ ಸೇಟು. ಒಂದೇ ಖೋಲಿಯಲ್ಲಿ ಮಲಗುವ ಗೆಳೆಯರೆಲ್ಲ ಅದೇ ಹೋಟೆಲಿನವರು, ಯಾರು ಬರುತ್ತಾರೆ? ಇಷ್ಟು ಕೊಡಿ, ಶ್ಯೂರಿಟಿ ರೆಡಿ ಅನ್ನುವ ದಲ್ಲಾಳಿಗಳು ಕೋರ್ಟಿನ ಹೊರಗೆ ಸಿಗುತ್ತಾರೆ. ಅವರ ಕಾಗದ ಖೊಟ್ಟಿ ಅಂತ ಗೊತ್ತಿದ್ದೂ ಕೋರ್ಟಿಗೆ ಹಾಕುವವನು ನಾನಲ್ಲ.

ಐದು ತಿಂಗಳು ಆರ್ಥರ್ ರೋಡ್ ಜೈಲಿನಲ್ಲಿದ್ದ. ಒಂದು ತಾರೀಕಿಗೆ ಕಿಲ್ಲಾ ಕೋರ್ಟಿಗೆ ಬಂದವನು ಹೇಳಿದ: "ಸರ್, ನಾನು ತೆಗ್ದದ್ದಲ್ಲ. ಆದ್ರೂ ಒಪ್ಕೊಳ್ತೇನೆ. ಒಪ್ಪಿದ್ರೆ ಬಿಡ್ತಾರಂತೆ."

ಬ್ಯಾರಕ್ಕಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಲೆಕ್ಕ ತಪ್ಪೇನಲ್ಲ. ಒಳಗೆ ಇದ್ದ ದಿನಗಳನ್ನು ಶಿಕ್ಷೆಯ ಅವಧಿಯಿಂದ ವಜಾ ಮಾಡುತ್ತಾರೆ. ವಿಚಾರಣೆ ಮುಗಿಯಲು ವರ್ಷಗಳು ಬೇಕು. ನಾನೂ ಹೂಂ ಅಂದೆ. ಮ್ಯಾಜಿಸ್ಟ್ರೇಟ್ ಮರಾಠಿಯಲ್ಲಿ "ಗುನ್ಹಾ ಕಬೂಲ್ ಆಹೇ ಕಾ?" (ತಪ್ಪು ಒಪ್ಪಿಕೊಳ್ಳುತ್ತೀಯಾ?) ಅಂತ ಕೇಳಿದಾಗ ಹುಡುಗ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಕಳೆದಷ್ಟೇ ದಿನದ ಶಿಕ್ಷೆ ಆಯಿತು, ಬಿಡುಗಡೆಯೂ ಆಯಿತು. ಕಾಲಿಗೆ ಬಿದ್ದು ಹೋದ.

ಮೂರು ವರ್ಷ ಬಿಟ್ಟು ಫೋನ್ ಮಾಡಿದ. ಕುವೈತಿನಲ್ಲಿ ಕೆಲಸ ಸಿಕ್ಕಿತ್ತು, ಪೊಲೀಸ್ ಸರ್ಟಿಫಿಕೇಟ್ ಬೇಕಿತ್ತು. ಕಡತದಲ್ಲಿ ಅವನು ಕಳ್ಳ. ಅಪೀಲು ಹಾಕೋಣ ಅಂದ. ತಪ್ಪು ಒಪ್ಪಿಕೊಂಡವನು ಶಿಕ್ಷೆ ಎಷ್ಟು, ಅದು ಕಾನೂನಿಗೆ ಸರಿಯೇ ಎಂಬುದನ್ನಷ್ಟೇ ಅಪೀಲಿನಲ್ಲಿ ಕೇಳಬಹುದು. ನಾನು ತಪ್ಪೇ ಮಾಡಿಲ್ಲ ಅನ್ನುವ ಬಾಗಿಲು ಮುಚ್ಚಿರುತ್ತದೆ. ಆ ದಿನ ತಲೆ ಆಡಿಸುವ ಮೊದಲು ಇದನ್ನು ಹೇಳಬೇಕಿತ್ತು, ಅಲ್ವಾ? ಹೇಳಿರಲಿಲ್ಲ.

ತಪ್ಪು ನನ್ನೊಬ್ಬನದೇ ಅಂತಲೂ ಅಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಸುಮ್ನೆ ಬಂಧಿಸಬಾರದು, ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ನೋಟಿಸ್ ಕೊಟ್ಟು ಕರೆಸಿದ್ದರೆ ಈ ಹುಡುಗ ಜೈಲನ್ನೇ ನೋಡುತ್ತಿರಲಿಲ್ಲ. ನಿರಪರಾಧಿಗೆ ಶಿಕ್ಷೆ ಆಗದ ಹಾಗೆ ಕೇಸು ನಡೆಸುವುದು ಸರ್ಕಾರಿ ವಕೀಲರ ಕೆಲಸ, ಅದೂ ನಿಯಮದಲ್ಲೇ ಇದೆ. ಮ್ಯಾಜಿಸ್ಟ್ರೇಟರೂ ಆರೋಪಿ ಒಪ್ಪಿದ ಅಂತ ಶಿಕ್ಷೆ ಕೊಡಲೇಬೇಕಿಲ್ಲ. ಕೊಡಬಹುದು ಅಂತಷ್ಟೇ ಕಾನೂನು ಹೇಳುತ್ತದೆ. ಆದರೆ ಬೋರ್ಡಿನಲ್ಲಿ, ಅಂದರೆ ಆ ದಿನದ ಕೇಸುಗಳ ಪಟ್ಟಿಯಲ್ಲಿ, ಕೇಸು ಜಾಸ್ತಿ ಇದ್ದ ದಿನ ಒಂದು ಕಡಿಮೆಯಾದರೆ ಎಲ್ಲರಿಗೂ ಹಾಯೆನಿಸುತ್ತದೆ. ನನಗೂ ಅನಿಸಿತ್ತು.

ಈಗಲೂ ಇಂಥವರು ಬರುತ್ತಾರೆ. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರೇ. ನಾನೀಗ ಮೊದಲು ಶ್ಯೂರಿಟಿಯ ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕುತ್ತೇನೆ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತನ್ನು ಮತ್ತೆ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನನ್ನ ಅನುಭವದಲ್ಲಿ, ಕೇಳಿದರೆ ಮಾತ್ರ ನೋಡುತ್ತಾರೆ. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಹಿಂದೆ ಶಿಕ್ಷೆಯೇ ಆಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಬೇರೆ ಕೇಸು ಇಲ್ಲದಿದ್ದರೆ, ಬಿಡಬೇಕು. ಏಳು ವರ್ಷಕ್ಕೆ ಎರಡು ವರ್ಷ ನಾಲ್ಕು ತಿಂಗಳು. ಒಮ್ಮೆ ಕಬೂಲ್ ಅಂದವನಿಗೆ ಮುಂದೆ ಈ ರಿಯಾಯಿತಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಪ್ಪಿಕೊಳ್ತೇನೆ ಅಂದರೆ? ತೀರ್ಮಾನ ಅವನದು. ಜೈಲಿನಲ್ಲಿ ಮಲಗುವವನು ನಾನಲ್ಲವಲ್ಲ. ಅವನು ನನಗೆ ಹೇಳಿದ ಗುಟ್ಟನ್ನು ಅವನ ಒಪ್ಪಿಗೆ ಇಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೇಳುವ ಹಾಗಿಲ್ಲ. ಇವನು ಕದ್ದ ಅಂತ ನನ್ನ ಬಾಯಿಂದ ಸುಳ್ಳು ಹೇಳುವ ಹಾಗೂ ಇಲ್ಲ. ಕೆಲವು ಗೆಳೆಯರು ಇಂಥ ಹೊತ್ತಿಗೆ ವಕಾಲತ್ತು ಬಿಟ್ಟುಬಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ, ಹುಡುಗ ಒಂಟಿಯಾಗುತ್ತಾನೆ. ಅವನ ಒಪ್ಪಿಗೆ ಪಡೆದು ಒಂದೇ ಮಾತು ಕೇಳಿಕೊಳ್ಳುತ್ತೇನೆ: ಇವನಿಗೆ ಮರಾಠಿ ಬರುವುದಿಲ್ಲ, ಕನ್ನಡದ ದುಭಾಷಿಯನ್ನು ಕರೆಸಿ, ಒಪ್ಪಿದರೆ ಏನಾಗುತ್ತದೆ ಅಂತ ನೀವೇ ವಿವರಿಸಿ ಕೇಳಿ.

ಕಳೆದ ಸಲ ಹೀಗೆ ಕೇಳಿಕೊಂಡಾಗ ದುಭಾಷಿ ಸಿಗಲಿಲ್ಲ, ಹದಿನಾಲ್ಕು ದಿನ ಮುಂದಕ್ಕೆ ಹೋಯಿತು. ಲಾಕಪ್ಪಿಗೆ ನಡೆಯುತ್ತಾ ಹುಡುಗ ನನ್ನ ಮೇಲೆ ಸಿಟ್ಟಾಗಿದ್ದ. ಮುಂದಿನ ತಾರೀಕಿನ ಹೊತ್ತಿಗೆ ಷರತ್ತು ಸಡಿಲಿಸುವ ಅರ್ಜಿ ಮಂಜೂರಾಯಿತು.