ಮೂರು ವರ್ಷ ಮನೆಯಲ್ಲಿದ್ದು ಈಗ ಕಾಂಟ್ರಾಕ್ಟ್ ಕೆಲಸ: ಸೇರುವ ಮೊದಲು ಏನು ಕೇಳಬೇಕು?

ಪ್ರಶ್ನೆ: ನಾನು ಆಲೂರಿನವಳು. ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಮಗು ಆದ ಮೇಲೆ ಮೂರು ವರ್ಷ ಮನೆಯಲ್ಲೇ ಇದ್ದೆ. ಈಗ ಹಾಸನದ ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ಏಜೆನ್ಸಿ ಮೂಲಕ, 11 ತಿಂಗಳಿಗೆ, ಸಂಬಳ 16,000. ಸೇರಬಹುದಾ?

ಉತ್ತರ: ಸೇರಿ. ಆದರೆ ಸಹಿ ಹಾಕುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನೀವು ಕೂರುವುದು ಆ ಕಚೇರಿಯಲ್ಲಿ, ಸಂಬಳ ಹಾಕುವುದು ಏಜೆನ್ಸಿ. ಹಾಗಾಗಿ ನೇಮಕಾತಿ ಆರ್ಡರ್ ಕಾಪಿಯಲ್ಲಿ ಏಜೆನ್ಸಿಯ ಹೆಸರು, ವಿಳಾಸ, ಎಂದಿನಿಂದ ಎಂದಿನವರೆಗೆ, ಸಂಬಳ ಎಷ್ಟು ಅನ್ನೋದು ಇರಬೇಕು. "ಆರ್ಡರ್ ಆಮೇಲೆ ಕೊಡ್ತೀವಿ, ನಾಳೆಯಿಂದ ಬನ್ನಿ" ಅಂದರೆ ಸ್ವಲ್ಪ ತಡೆಯಿರಿ. ಸೇರಿಸಿಕೊಳ್ಳಲು ದುಡ್ಡು ಕೇಳಿದರಂತೂ ಎದ್ದು ಬನ್ನಿ.

ಮುಂದಿನ ಪ್ರಶ್ನೆ, 16,000ದಲ್ಲಿ ಕೈಗೆ ಬರುವುದೆಷ್ಟು? ಪಿಎಫ್‌ಗೆ (ಭವಿಷ್ಯ ನಿಧಿ) ನಿಮ್ಮ ಪಾಲು ಶೇ 12. ಅದನ್ನು ಪಿಎಫ್‌ಗೆ ಇರುವ 15,000 ಸಂಬಳದ ಮಿತಿಗೆ ಲೆಕ್ಕ ಹಾಕಿದರೆ 1,800 ರೂಪಾಯಿ. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಶೇ 0.75, ಅಂದರೆ 120. ಉಳಿಯುವುದು 14,080. ಇದಕ್ಕಿಂತ ಜಾಸ್ತಿ ಹಿಡಿದರೆ ಯಾಕೆ ಅಂತ ಕೇಳಿ. ಮಾಲೀಕರ ಪಾಲನ್ನೂ ನಿಮ್ಮ ಸಂಬಳದಲ್ಲೇ ಕತ್ತರಿಸುವವರಿದ್ದಾರೆ. ಹಾಗೆ ಮಾಡುವಂತಿಲ್ಲ.

ನಿಮ್ಮಂಥವರು ಎಡವುವುದು ಪಿಎಫ್‌ನಲ್ಲೇ. ಬೆಂಗಳೂರಿನ ಕೆಲಸದ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಇದೆಯಲ್ಲ, ಅದನ್ನೇ ಕೊಡಿ. ಹೊಸದು ಮಾಡಿಸಬೇಡಿ. ಪಿಎಫ್ ಜೊತೆ ಬರುವ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಹಳೆಯ ಹಣ ತೆಗೆದಿಲ್ಲದಿದ್ದರೆ ಆ ನಾಲ್ಕು ವರ್ಷವೂ ಲೆಕ್ಕಕ್ಕೆ ಸೇರುತ್ತದೆ, ನಡುವೆ ಮೂರು ವರ್ಷ ಖಾಲಿ ಇದ್ದರೂ ಪರವಾಗಿಲ್ಲ. ಪಿಎಫ್ ಪೋರ್ಟಲ್‌ನಲ್ಲಿ ಹಳೇ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯಾ ನೋಡಿ. ಎಷ್ಟೋ ಕಂಪನಿಯವರು ಅದನ್ನು ಹಾಕುವುದೇ ಇಲ್ಲ. ಆಗ ಹಳೇ ಹಣವನ್ನು ಅದೇ ಯುಎಎನ್‌ನಡಿ ಹೊಸ ಕೆಲಸದ ಖಾತೆಗೆ ತರುವಾಗ ತೊಡಕಾಗುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳು ಕಳೆದಿದ್ದರೆ ಆ ದಿನಾಂಕವನ್ನು ನೀವೇ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಬರುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಪ್ರತಿ ತಿಂಗಳೂ ಪಿಎಫ್ ಪಾಸ್‌ಬುಕ್ ನೋಡಿ. ಆಯಾ ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಾನೊಮ್ಮೆ ನೋಡದೆ ಸುಮ್ನೆ ಇದ್ದೆ. ಪೇ ಸ್ಲಿಪ್‌ನಲ್ಲಿ ಪಿಎಫ್ ಹಿಡಿದಿದ್ದರು, ಖಾತೆಗೆ ಒಂದು ರೂಪಾಯಿಯೂ ಬಿದ್ದಿರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಇಎಸ್‌ಐಗೆ ಸೇರಿದ ಕೂಡಲೇ ಮಗುವಿನ ಹೆಸರನ್ನೂ ಸೇರಿಸಿ. ಚಿಕಿತ್ಸೆ ಮೊದಲಿನಿಂದಲೇ ಸಿಗುತ್ತದೆ. ಕಾಯಿಲೆ ರಜೆಯ ಹಣಕ್ಕೆ ಮಾತ್ರ ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಕಟ್ಟಿರಬೇಕು.

ಮೊದಲ ಸಂಬಳ ತಡವಾಗಬಹುದು. "ಬಿಲ್ ಪಾಸಾಗಿಲ್ಲ ಮೇಡಂ" ಅನ್ನುವ ಮಾತು ಕೇಳಿಸಿಕೊಳ್ಳಲು ತಯಾರಿರಿ. ಎರಡು ತಿಂಗಳ ಮನೆಖರ್ಚು ಎತ್ತಿಟ್ಟುಕೊಂಡರೆ ಒಳ್ಳೆಯದು. ಏಜೆನ್ಸಿ ಕೊಡದೇ ಹೋದರೆ ಕೆಲಸ ಮಾಡಿಸಿಕೊಂಡ ಕಚೇರಿಯೇ ಸಂಬಳ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇರುವ ನಿಯಮವಿದು. ಅದಕ್ಕೇ ಹಾಜರಿಯ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಮೂರು ವರ್ಷ ಏನು ಮಾಡಿದಿರಿ ಅಂತ ಕೇಳಿದರೆ ಮಗು ನೋಡಿಕೊಂಡೆ ಅಂತ ಹೇಳಿ, ಅದರಲ್ಲಿ ಮುಚ್ಚಿಡೋದೇನಿದೆ? ಅವರಿಗೆ ಬೇಕಿರುವುದು ಟೈಪಿಂಗ್ ವೇಗ. ಕನ್ನಡದ ಕೆಲಸವಿದ್ದರೆ ಒಂದು ವಾರ ನುಡಿ ತಂತ್ರಾಂಶದಲ್ಲಿ ಕೈ ಪಳಗಿಸಿಕೊಳ್ಳಿ. ಬೆರಳು ಮರೆತಿರುತ್ತದೆ, ಮೂರು ದಿನದಲ್ಲಿ ನೆನಪಾಗುತ್ತದೆ.

ಓಡಾಟದ ಖರ್ಚು ಹೇಗೂ ಇಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಆಧಾರ್ ತೋರಿಸಿದರೆ ಸಾಕು. ಸಕಲೇಶಪುರದ ಕಡೆಯಿಂದ ಆಲೂರು ಮೇಲೆ ಹಾಸನಕ್ಕೆ ಬೆಳಗ್ಗೆ ಬರುವ ಬಸ್ಸಲ್ಲಿ ಸೀಟು ಸಿಗುತ್ತದೆ ಅಂತ ಮಾತ್ರ ನಂಬಿಕೊಳ್ಳಬೇಡಿ.