ಕಲ್ಯಾಣ ಕಾನೂನು ಓದಿದವರಿಗೆ ಜರ್ಮನಿಯಲ್ಲಿ ಏನು ಕೆಲಸ?

ಪ್ರಶ್ನೆ: ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ಭತ್ಯೆ ಇಂಥವಕ್ಕೇ ಜರ್ಮನಿಯಲ್ಲಿ ಬೇರೆ ಕಾನೂನು ತಜ್ಞರಿದ್ದಾರಂತೆ. ಅವರು ಮಾಡುವುದಾದರೂ ಏನು? ಅದರಲ್ಲಿ ಹೆಸರು ಮಾಡೋಕೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ. ಈ ಕಾನೂನಿನ ಪಂಡಿತ ಹಾನ್ಸ್ ತ್ಸಾಖರ್ ಅವರನ್ನೇ ನೋಡಿ. 1928ರಲ್ಲಿ ಬವೇರಿಯಾದಲ್ಲಿ ಹುಟ್ಟಿದವರು. 1963ರಲ್ಲಿ ಸಾರ್‌ಬ್ರೂಕನ್‌ನಲ್ಲಿ ಪ್ರೊಫೆಸರ್ ಆದರು, 1971ರಲ್ಲಿ ಮ್ಯೂನಿಕ್‌ಗೆ ಬಂದರು. ಬೇರೆ ಬೇರೆ ದೇಶಗಳ ಕಲ್ಯಾಣ ಕಾನೂನನ್ನು ಹೋಲಿಸಿ ನೋಡಲು 1980ರಲ್ಲಿ ಅಲ್ಲೊಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಶುರುವಾಯಿತು. ಅದರ ಮೊದಲ ನಿರ್ದೇಶಕರು ಇವರೇ.

ಇವರ ಹೆಸರು ಉಳಿದದ್ದು ಇಂಥ ಕಲ್ಯಾಣ ಸೌಲಭ್ಯಗಳ ಒಂದು ವಿಂಗಡಣೆಯಿಂದ. ಕೇಳೋಕೆ ಸಪ್ಪೆ ಅನ್ನಿಸಬಹುದು, ಆದರೆ ನನಗೆ ಇಡೀ ವಿಷಯದಲ್ಲಿ ಹಿಡಿಸಿದ ಭಾಗ ಇದೇ. ಜರ್ಮನಿಯ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ ಕಾಲದಲ್ಲಿ ಮೂರು ವಿಮೆಗಳು ಬಂದವು: 1883ರಲ್ಲಿ ಕಾಯಿಲೆಗೆ, 1884ರಲ್ಲಿ ಅಪಘಾತಕ್ಕೆ, 1889ರಲ್ಲಿ ವೃದ್ಧಾಪ್ಯ ಮತ್ತು ಅಂಗವೈಕಲ್ಯಕ್ಕೆ. ಆಮೇಲೆ ಯುದ್ಧದಲ್ಲಿ ನೊಂದವರಿಗೆ ಪರಿಹಾರ, ಬಾಡಿಗೆಗೆ ನೆರವು, ವಿದ್ಯಾರ್ಥಿಗಳಿಗೆ ಹಣ, ಹೀಗೆ ಒಂದರ ಮೇಲೊಂದು ಸೇರುತ್ತಾ ಹೋದವು. ವಿಮೆ, ಸರ್ಕಾರದ ಪರಿಹಾರ, ಬಡವರ ನೆರವು ಅನ್ನೋ ಹಳೆಯ ಮೂರು ಖಾನೆಗಳಲ್ಲಿ ಇವು ಸರಿಯಾಗಿ ಕೂರಲಿಲ್ಲ.

ಹಣ ಯಾವ ಇಲಾಖೆಯಿಂದ ಬಂತು ಅನ್ನುವುದನ್ನು ಬಿಡಿ, ಯಾಕೆ ಕೊಡ್ತಿದ್ದಾರೆ ಅಂತ ನೋಡಿ ಅಂದರು ತ್ಸಾಖರ್. ಮುಂದಿನ ಕಷ್ಟಕ್ಕೆ ಮೊದಲೇ ಕಟ್ಟಿಟ್ಟದ್ದೇ? ಸಮಾಜ ಹೊಣೆ ಹೊರಬೇಕಾದ ಹಾನಿಗೆ ತುಂಬಿಕೊಡುವುದೇ? ಇಲ್ಲ, ಈಗಿರುವ ಕೊರತೆಗೆ ನೆರವೋ, ಮೇಲೆ ಬರಲು ಒತ್ತಾಸೆಯೋ?

ಇದರಿಂದ ಏನು ಲಾಭ? ಒಂದು ಉದಾಹರಣೆ ಹೇಳ್ತೀನಿ. 1971ರಿಂದ ಜರ್ಮನಿಯ ಶಾಲಾ ಮಕ್ಕಳೂ ಅಪಘಾತ ವಿಮೆಯೊಳಗೆ ಬಂದರು. ಮಗು ಶಾಲೆಯಲ್ಲೋ, ಹೋಗಿಬರುವ ದಾರಿಯಲ್ಲೋ ಬಿದ್ದು ಕೈ ಮುರಿದುಕೊಂಡರೆ ಖರ್ಚು ಆ ವಿಮೆಯದ್ದು. ಆದರೆ ಮಕ್ಕಳಾಗಲಿ ಅಪ್ಪ ಅಮ್ಮ ಆಗಲಿ ಒಂದು ಪೈಸೆ ಕಂತು ಕಟ್ಟಲ್ಲ. ಹೆಸರಿಗೆ ವಿಮೆ, ಕೆಲಸ ಪರಿಹಾರದ್ದು. ತ್ಸಾಖರ್ ವಿಂಗಡಣೆಯಲ್ಲಿ ಅದು ಎರಡನೇ ಗುಂಪಿಗೇ, ಅಂದರೆ ಹಾನಿ ತುಂಬಿಕೊಡುವುದಕ್ಕೇ ಸೇರುತ್ತೆ.

1990ರಲ್ಲಿ ಅವರು ಇಂಥ ಸಂಶೋಧನಾ ಸಂಸ್ಥೆಗಳನ್ನೆಲ್ಲ ನಡೆಸುವ ಇಡೀ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಅಧ್ಯಕ್ಷರಾದರು. ಯುದ್ಧದ ನಂತರ ಓಟೋ ಹಾನ್ ಅವರಿಂದ ಹಿಡಿದು ಆ ಕುರ್ಚಿಯಲ್ಲಿ ಕೂತವರೆಲ್ಲ ರಸಾಯನ, ಭೌತ ವಿಜ್ಞಾನದ ಕಡೆಯವರು. ಅವರ ನಡುವೆ ಒಬ್ಬ ಕಾನೂನು ಪಂಡಿತ! ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡು ಜರ್ಮನಿಗಳು ಒಂದಾದವು. ಪೂರ್ವ ಭಾಗದಲ್ಲಿ ಹೊಸ ಸಂಸ್ಥೆಗಳನ್ನು ಕಟ್ಟುವ ಹೊರೆ ಇವರ ಕಾಲಕ್ಕೇ ಬಂತು. 1996ರವರೆಗೆ ಆ ಹುದ್ದೆಯಲ್ಲಿದ್ದರು. 2015ರಲ್ಲಿ ತೀರಿಕೊಂಡರು.

ಎಲ್ಲರೂ ಪ್ರೊಫೆಸರ್ ಆಗಲ್ಲ ಬಿಡಿ. ಪಿಂಚಣಿ, ವಿಮೆ, ಭತ್ಯೆಯಂಥ ವ್ಯಾಜ್ಯಗಳಿಗೆಂದೇ ಅಲ್ಲಿ ಮೂರು ಹಂತದ ನ್ಯಾಯಾಲಯಗಳಿವೆ, ಮೇಲಿನದು ಕಾಸೆಲ್ ಊರಿನಲ್ಲಿ. ಪಿಂಚಣಿ ತಿರಸ್ಕಾರವಾದ ಸಾಮಾನ್ಯ ಮನುಷ್ಯ ಕೇಸು ಹಾಕಿದರೆ ಕೋರ್ಟ್ ಶುಲ್ಕವಿಲ್ಲ. ಮೊದಲ ಎರಡು ಹಂತದಲ್ಲಿ ವಕೀಲರೂ ಕಡ್ಡಾಯವಲ್ಲ. ಹಾಗಂತ ವಕೀಲರಿಗೆ ಕೆಲಸವಿಲ್ಲ ಅಂದುಕೊಳ್ಳಬೇಡಿ. ನಿಯಮಗಳು ಅಷ್ಟು ಜಾಸ್ತಿ, ಅಷ್ಟು ಗೋಜಲು. ನ್ಯಾಯಾಧೀಶರು, ವಿಮಾ ಸಂಸ್ಥೆಗಳು, ಕಾರ್ಮಿಕ ಸಂಘಗಳು, ಸಚಿವಾಲಯ, ಎಲ್ಲ ಕಡೆಯೂ ಇದನ್ನು ಬಲ್ಲವರು ಬೇಕು. ಇದರಲ್ಲೇ ಪರಿಣತರಾದ ವಕೀಲರಿಗೆ ಬೇರೆ ಪದವಿನಾಮವೂ ಸಿಗುತ್ತೆ.