ಸೋರ್ಸ್ ಇಡದೆಯೂ ಟಕ್ ಅನ್ನುವ ಕೌಂಟರ್

ರಾಯಚೂರಿನ ನಮ್ಮ ಲ್ಯಾಬ್. ಎಂ.ಎಸ್ಸಿ. ಮೊದಲ ವರ್ಷ. ವಿಕಿರಣ ಎಣಿಸುವ ಗೈಗರ್ ಕೌಂಟರಿನ ಸ್ವಿಚ್ ಹಾಕಿದ್ದೆ, ಸೋರ್ಸ್, ಅಂದರೆ ವಿಕಿರಣ ಸೂಸುವ ತುಣುಕು, ಇನ್ನೂ ಸೀಸದ ಡಬ್ಬಿಯೊಳಗೇ ಇತ್ತು. ಆದರೂ ಕೌಂಟರ್ ಟಕ್, ಸ್ವಲ್ಪ ತಡೆದು ಟಕ್ ಟಕ್ ಅನ್ನುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯ, "ಸೋರ್ಸೇ ಇಟ್ಟಿಲ್ಲ, ಹೊಡಿಲಿಕತ್ತದಲ್ಲೋ! ಕೆಟ್ಟದೇನು?" ಅಂದ. ನಾನೂ ಹಾಗೇ ಅಂದುಕೊಂಡು ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಟಕ್.

ಕೆಟ್ಟಿರಲಿಲ್ಲ. ಟೇಬಲ್ಲಿಗೆ ಹಾಸಿದ್ದು ಗ್ರಾನೈಟ್ ಕಲ್ಲು. ಟ್ಯೂಬನ್ನು ಕಟ್ಟಿಗೆ ಸ್ಟೂಲಿನ ಮೇಲೆ, ಕಲ್ಲಿನಿಂದ ದೂರ ಇಟ್ಟಾಗ ಎಣಿಕೆ ಸ್ವಲ್ಪ ಇಳಿಯಿತು. ಪೂರ್ತಿ ನಿಲ್ಲಲಿಲ್ಲ. ಆ ವಾರದ ರೆಕಾರ್ಡಿನಲ್ಲಿ ನಾನು ಬ್ಯಾಕ್‌ಗ್ರೌಂಡ್ (ಸೋರ್ಸ್ ಇಲ್ಲದೆಯೂ ಬರುವ ಎಣಿಕೆ) ಕಳೆಯದೆ ಗ್ರಾಫ್ ಹಾಕಿದ್ದೆ. ಇಡೀ ಪುಟಕ್ಕೆ ಕೆಂಪು ಗೀಟು ಬಿತ್ತು. ಈ ಟಿಪ್ಪಣಿ ಶುರುವಾದದ್ದು ಆ ಗೀಟಿನಿಂದಲೇ. ಡಿಟೆಕ್ಟರ್ ಅಂದರೆ ಕಣ ಹಿಡಿಯುವ ಯಂತ್ರ ಅಂತ ಓದಿಕೊಂಡು ಬಂದಿರುತ್ತೇವೆ. ಹಿಡಿಯುವುದು ಸಣ್ಣ ಕೆಲಸ. ಬಂದ ಟಕ್‌ಗಳಲ್ಲಿ ನಮಗೆ ಬೇಕಾದದ್ದು ಯಾವುದು, ಸುಮ್ನೆ ನುಗ್ಗಿದ್ದು ಯಾವುದು ಅಂತ ಬೇರೆ ಮಾಡುವುದರಲ್ಲೇ ದಿನ ಕಳೆದುಹೋಗುತ್ತದೆ.

ಕಲ್ಲಿನದ್ದೊಂದು, ಆಕಾಶದ್ದೊಂದು

ನಮ್ಮ ಕಡೆ ಎಲ್ಲಿ ನೋಡಿದರೂ ಗ್ರಾನೈಟ್ ಗುಡ್ಡ. ಗ್ರಾನೈಟಿನಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಯುರೇನಿಯಮ್ ಮತ್ತು ಥೋರಿಯಮ್ ಚೂರು ಚೂರು ಇರುತ್ತವೆ. ಪೊಟ್ಯಾಸಿಯಮಿನ ವಿಕಿರಣ ಸೂಸುವ ಬಗೆ ಪೊಟ್ಯಾಸಿಯಮ್-40. ಅದರ ಅರ್ಧಾಯುಷ್ಯ (ಅರ್ಧ ಪಾಲು ಕರಗಲು ಹಿಡಿಯುವ ಕಾಲ) ಸುಮಾರು 125 ಕೋಟಿ ವರ್ಷ, ಹಾಗಾಗಿ ಭೂಮಿ ಹುಟ್ಟಿದಾಗ ಸಿಕ್ಕ ದಾಸ್ತಾನು ಇನ್ನೂ ಮುಗಿದಿಲ್ಲ. ಅದು ಬಿಡುವ ಗಾಮಾ ಕಿರಣದ ಶಕ್ತಿ 1.46 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ). ಟೇಬಲ್ ಕಲ್ಲಿನಿಂದ ಬಂದ ಟಕ್‌ಗಳಲ್ಲಿ ಇದರ ಪಾಲು ದೊಡ್ಡದು.

ಸ್ಟೂಲಿನ ಮೇಲಿಟ್ಟರೂ ನಿಲ್ಲದ ಟಕ್‌ಗಳಲ್ಲಿ ಕೆಲವು ಗೋಡೆ, ನೆಲದಿಂದ ಬಂದವು. ಉಳಿದ ಕೆಲವು ಮೇಲಿನಿಂದ. 1912ರಲ್ಲಿ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಸುಮಾರು 5300 ಮೀಟರ್ ಏರಿ ವಿಕಿರಣ ಅಳೆದು ಬಂದ. ಎಲ್ಲವೂ ನೆಲದಿಂದಲೇ ಬರುತ್ತಿದ್ದರೆ ಮೇಲೆ ಹೋದಂತೆ ಕಡಿಮೆಯಾಗಬೇಕಿತ್ತು. ಜಾಸ್ತಿಯಾಯಿತು. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ಗಾಳಿಯ ನ್ಯೂಕ್ಲಿಯಸ್‌ಗೆ ಬಡಿಯುತ್ತವೆ, ಪಯಾನ್ ಅನ್ನುವ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ, ಅವು ಒಡೆದು ಮ್ಯೂಆನ್‌ಗಳಾಗುತ್ತವೆ. ಎಲೆಕ್ಟ್ರಾನಿನಂಥದ್ದೇ ಆದರೆ ಭಾರವಾದ ಈ ಮ್ಯೂಆನ್ ಹುಟ್ಟುವುದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಅದರ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವುದೇ ಹೆಚ್ಚು. ಆದರೂ ರಾಯಚೂರಿನ ಲ್ಯಾಬಿಗೆ ಬಂದು ಮುಟ್ಟುತ್ತದೆ, ಯಾಕೆಂದರೆ ನಮ್ಮ ಗಡಿಯಾರದ ಪ್ರಕಾರ ಅದರ ಗಡಿಯಾರ ನಿಧಾನ. ರಿಲೇಟಿವಿಟಿ ಅಧ್ಯಾಯದಲ್ಲಿ ಇದು ಬಂದೇ ಬರುತ್ತೆ, ಇಲ್ಲಿ ಬಿಡೋಣ.

ನೆನಪಿಡಬೇಕಾದ ಅಂಕಿ ಒಂದೇ: ಸಮುದ್ರಮಟ್ಟದಲ್ಲಿ, ಮಲಗಿಸಿದ ತಟ್ಟೆಯ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್. ಅಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ನಿಮಿಷಕ್ಕೊಂದು. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಕಾಕಾ ಕೈ ತಿರುಗಿಸಿ ಉಗುರು ನೋಡಿಕೊಂಡರು. ಅವರು ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರು. "ನಾವು ಕೇಜಿನ್ಯಾಗ ಕೆಳಗ ಇಳಿದಾಗೂ ಬರ್ತಾವೇನಪ್ಪ ಇವು?" ಅಂತ ಕೇಳಿದರು. ಇದಕ್ಕೆ ಕೊನೆಯಲ್ಲಿ ಬರುತ್ತೇನೆ.

ಟಕ್ ಎಷ್ಟು ಹೇಳುತ್ತದೆ?

ಗೈಗರ್ ಟ್ಯೂಬ್ ಹೇಳುವುದು ಒಂದೇ ಮಾತು: ಏನೋ ಬಂತು. ಯಾವ ಕಣ, ಎಷ್ಟು ಶಕ್ತಿ, ಏನೂ ಇಲ್ಲ. ಒಳಗೆ ಒಂದು ಎಲೆಕ್ಟ್ರಾನ್ ಬಿಡಿಸಿಕೊಂಡರೂ ಸಾವಿರ ಬಿಡಿಸಿಕೊಂಡರೂ ಇಡೀ ಅನಿಲ ಒಮ್ಮೆಲೇ ಹೊತ್ತಿಕೊಂಡಂತೆ ಆಗಿ ಒಂದೇ ಅಳತೆಯ ಪಲ್ಸ್ (ವಿದ್ಯುತ್ತಿನ ಮಿಡಿತ) ಬರುತ್ತದೆ. ಮೇಲಾಗಿ ಒಂದು ಸಲ ಬಡಿದ ಮೇಲೆ ನೂರು ಮೈಕ್ರೋಸೆಕೆಂಡಿನ ಆಸುಪಾಸು ಅದು ಕಿವುಡು. ಶಕ್ತಿಯೂ ಬೇಕು, ಸಮಯವೂ ಬೇಕು ಅಂದರೆ ಸಿಂಟಿಲೇಟರ್ (ಕಣ ಹಾದಾಗ ಮಿಣುಕುವ ವಸ್ತು) ಕಡೆ ಹೋಗಬೇಕು.

ಪ್ಲಾಸ್ಟಿಕ್ ಸಿಂಟಿಲೇಟರಿನ ದಾರಿಯನ್ನು ಒಮ್ಮೆ ನಡೆದು ನೋಡೋಣ. ತಟ್ಟೆ 1 ಸೆಂಟಿಮೀಟರ್ ದಪ್ಪ. ನೇರ ಬಂದ ಮ್ಯೂಆನ್ ಅದನ್ನು ದಾಟುವಾಗ ಸುಮಾರು 2 ಎಂಇವಿ ಕಳೆದುಕೊಳ್ಳುತ್ತದೆ. ಒಂದು ಎಂಇವಿಗೆ ಹತ್ತು ಸಾವಿರದಷ್ಟು ಫೋಟಾನ್ (ಬೆಳಕಿನ ಕಣ) ಹಿಡಿದರೆ ಒಟ್ಟು ಇಪ್ಪತ್ತು ಸಾವಿರ. ಇವು ನಾಲ್ಕೂ ದಿಕ್ಕಿಗೆ ಚದುರುತ್ತವೆ. ಅದಕ್ಕೇ ತಟ್ಟೆಗೆ ಬಿಳಿ ಅಥವಾ ಬೆಳ್ಳಿ ಹಾಳೆ ಸುತ್ತಿ, ಮೇಲೆ ಕಪ್ಪು ಟೇಪ್ ಬಿಗಿಯುತ್ತಾರೆ. ಸೂಜಿಮೊನೆಯಷ್ಟು ತೂತು ಉಳಿದರೂ ಟ್ಯೂಬ್‌ಲೈಟಿನ ಬೆಳಕು ಒಳಗೆ ನುಗ್ಗಿ ಎಲ್ಲವನ್ನೂ ಮುಳುಗಿಸಿಬಿಡುತ್ತದೆ. ಟೇಪ್ ಸುತ್ತುವುದೇನು ದೊಡ್ಡ ಕೆಲಸ ಅಂತ ನಗಬೇಡಿ, ಡಿಟೆಕ್ಟರ್ ಕಟ್ಟುವವರ ಅರ್ಧ ದಿನ ಅದಕ್ಕೇ ಹೋಗುತ್ತೆ.

ಅಂಚಿಗೆ ಮುಟ್ಟಿದ ಫೋಟಾನ್ ಬೆಳಕನ್ನು ವಿದ್ಯುತ್ ಪಲ್ಸ್ ಮಾಡುವ ಫೋಟೋಮಲ್ಟಿಪ್ಲಯರ್ ಕೊಳವೆಯ ಗಾಜಿನೊಳಗಿನ ಲೇಪಕ್ಕೆ ಬೀಳುತ್ತದೆ. ನಾಲ್ಕು ಬಿದ್ದರೆ ಒಂದು ಎಲೆಕ್ಟ್ರಾನ್ ಹೊರಬರುತ್ತದೆ ಅನ್ನಿ. ಒಳಗೆ ಹತ್ತು ಮೆಟ್ಟಿಲು. ಒಂದು ಎಲೆಕ್ಟ್ರಾನ್ ಒಂದು ಮೆಟ್ಟಿಲಿಗೆ ಬಡಿದರೆ ನಾಲ್ಕು ಏಳುತ್ತವೆ, ಆ ನಾಲ್ಕು ಮುಂದಿನದಕ್ಕೆ ಬಡಿದು ಹದಿನಾರು. ಹತ್ತನೆಯದರಲ್ಲಿ 10,48,576. ಒಂದಕ್ಕೆ ಹತ್ತು ಲಕ್ಷ! ಆಗಷ್ಟೇ ತಂತಿಯಲ್ಲಿ ಕಾಣುವಂಥ ಪಲ್ಸ್ ಬರುತ್ತದೆ.

ಈಗ ಇದರ ಬದಲು ಬೆರಳ ತುದಿಯಷ್ಟು ಸಿಲಿಕಾನ್ ಫೋಟೋಮಲ್ಟಿಪ್ಲಯರ್‌ಗಳು ಬಂದಿವೆ. ಸಾವಿರದ ಆಸುಪಾಸಿನ ವೋಲ್ಟ್ ಬೇಡ, ಕೆಲವು ಹತ್ತು ವೋಲ್ಟ್ ಸಾಕು. ಆದರೆ ನಮ್ಮ ಊರಿನವರು ಒಂದು ಮಾತು ಗಮನದಲ್ಲಿಡಬೇಕು: ಅದಕ್ಕೆ ಬಿಸಿಲು ಆಗಿಬರುವುದಿಲ್ಲ. ಕತ್ತಲಲ್ಲಿಟ್ಟರೂ ಬಿಸಿಯಿಂದಲೇ ಒಳಗೆ ಎಲೆಕ್ಟ್ರಾನ್ ಎದ್ದು ಸುಳ್ಳು ಪಲ್ಸ್ ಬರುತ್ತದೆ, ಪ್ರತಿ ಎಂಟು–ಹತ್ತು ಡಿಗ್ರಿಗೆ ಇದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪುಸ್ತಕದ ಅಂಕಿ 25 ಡಿಗ್ರಿಯದ್ದು. ಮೇ ತಿಂಗಳ ರಾಯಚೂರಿನಲ್ಲಿ, ಕರೆಂಟ್ ಹೋಗಿ ಫ್ಯಾನ್ ನಿಂತ ಕೋಣೆಯಲ್ಲಿ 42 ಡಿಗ್ರಿ ಅಂದರೆ ಲೆಕ್ಕ ನೀವೇ ಹಾಕಿ. ಪ್ರತಿ ರೀಡಿಂಗಿನ ಪಕ್ಕ ಉಷ್ಣತೆ ಬರೆಯಿರಿ. ಬರೆಯದ ಡೇಟಾ ನಂಗಂತೂ ನಂಬಿಕೆಯಿಲ್ಲ.

ಎರಡು ಸಾಕ್ಷಿ

ಒಂದು ತಟ್ಟೆ ಸಾಲದು. ಥೋರಿಯಮ್ ಸರಣಿಯ ಒಂದು ಗಾಮಾ 2.6 ಎಂಇವಿ ಇದೆ, ಅದು ತಟ್ಟೆಯಲ್ಲಿ ಬಿಡುವ ಶಕ್ತಿ ಮ್ಯೂಆನಿನ 2 ಎಂಇವಿಯಂತೆಯೇ ಕಾಣಬಹುದು. ಇಬ್ಬರದ್ದೂ ಒಂದೇ ಅಳತೆಯ ಅಂಗಿ. ಹಾಗಾದರೆ ಹೇಗೆ ಗುರುತಿಸೋದು?

ಇನ್ನೊಂದು ತಟ್ಟೆಯನ್ನು ಕೆಳಗೆ ಇಡಿ. ಎರಡೂ ಒಟ್ಟಿಗೆ ಪಲ್ಸ್ ಕೊಟ್ಟರೆ ಮಾತ್ರ ಎಣಿಸಿ. ಗಾಮಾ ಸಾಮಾನ್ಯವಾಗಿ ಒಂದು ತಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮ್ಯೂಆನ್ ಎರಡನ್ನೂ ತೂರಿ ಹೋಗುತ್ತದೆ. ಇದೇ ಕಾಯಿನ್ಸಿಡೆನ್ಸ್ ವಿಧಾನ. ಇದನ್ನು ಬೆಳೆಸಿದ್ದಕ್ಕೆ ವಾಲ್ಟರ್ ಬೋಥೆಗೆ 1954ರಲ್ಲಿ ನೊಬೆಲ್ ಬಂತು. 1930ರಲ್ಲಿ ಬ್ರೂನೋ ರೊಸ್ಸಿ ರೇಡಿಯೊ ವಾಲ್ವ್‌ಗಳಿಂದ ಇದಕ್ಕೊಂದು ಒಳ್ಳೆಯ ಸರ್ಕ್ಯೂಟ್ ಮಾಡಿದ್ದ.

ಲೆಕ್ಕ ನೋಡಿ, ಇದು ನನಗೆ ತುಂಬ ಇಷ್ಟವಾದ ಲೆಕ್ಕ. ತಟ್ಟೆ 10 ಸೆಂಟಿಮೀಟರ್ ಉದ್ದ, 10 ಅಗಲ. ನಿಮಿಷಕ್ಕೆ ಸುಮಾರು 100 ಮ್ಯೂಆನ್. ಆದರೆ ಕಲ್ಲಿನ ಗಾಮಾ, ಎಲೆಕ್ಟ್ರಾನಿಕ್ಸಿನ ಗದ್ದಲ ಎಲ್ಲ ಸೇರಿ ತಟ್ಟೆ ಸೆಕೆಂಡಿಗೆ 100 ಪಲ್ಸ್ ಕೊಡುತ್ತಿದೆ ಅನ್ನಿ. ನಿಮಿಷಕ್ಕೆ 6000. ಅರವತ್ತರಲ್ಲಿ ಒಂದು ಮಾತ್ರ ನಿಜ! ಈಗ ಕಾಯಿನ್ಸಿಡೆನ್ಸ್ ಕಿಟಕಿ 100 ನ್ಯಾನೋಸೆಕೆಂಡ್ ಇಡೋಣ. ಆಕಸ್ಮಿಕವಾಗಿ ಎರಡೂ ಒಟ್ಟಿಗೆ ಬಡಿಯುವ ದರ ಅಂದರೆ, ಕಿಟಕಿಯ ಎರಡು ಪಟ್ಟನ್ನು ಮೊದಲ ತಟ್ಟೆಯ ದರದಿಂದ, ಮತ್ತೆ ಎರಡನೆಯದರ ದರದಿಂದ ಗುಣಿಸಬೇಕು. ಸೆಕೆಂಡಿಗೆ 0.002. ಸುಮಾರು ಎಂಟು ನಿಮಿಷಕ್ಕೆ ಒಂದು ಸುಳ್ಳು. ತಟ್ಟೆಗಳು ಹತ್ತಿರವಿದ್ದರೆ ಮ್ಯೂಆನ್‌ಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ಓರೆಯಾಗಿ ಬಂದವಷ್ಟೇ ತಪ್ಪಿಸಿಕೊಳ್ಳುತ್ತವೆ. 6000 ಜನರ ಜಾತ್ರೆಯಲ್ಲಿ ಕಳೆದುಹೋಗಿದ್ದವರು ಈಗ ಖಾಲಿ ಬಯಲಿನಲ್ಲಿ ನಿಂತಂತೆ. ಅಂದಹಾಗೆ ಆ "ಎರಡು ಪಟ್ಟು" ಮರೆಯಬೇಡಿ: ಮೊದಲನೆಯದು ಮುಂಚೆ ಬಡಿಯಬಹುದು, ಎರಡನೆಯದೂ ಮುಂಚೆ ಬಡಿಯಬಹುದು.

ಎಷ್ಟು ಹೊತ್ತು ಎಣಿಸಬೇಕು

100 ಎಣಿಸಿದರೆ ಅಲುಗಾಟ (ಮತ್ತೆ ಮತ್ತೆ ಎಣಿಸಿದರೆ ಆಗುವ ಹೆಚ್ಚುಕಡಿಮೆ) √100, ಅಂದರೆ 10. ಶೇಕಡಾ ಹತ್ತು. ಶೇಕಡಾ ಒಂದಕ್ಕೆ ಇಳಿಸಬೇಕಾದರೆ 10,000 ಎಣಿಸಬೇಕು. ನಿಮಿಷಕ್ಕೆ 80 ಬಂದರೆ ಎರಡು ತಾಸಿನ ಮೇಲೆ ಐದು ನಿಮಿಷ ಕೂರಬೇಕು.

ನಾವೆಲ್ಲ ಮಾಡುವ ತಪ್ಪು ಕಳೆಯುವಾಗ. ಸೋರ್ಸ್ ಇಟ್ಟಾಗ 400, ತೆಗೆದಾಗ ಅಷ್ಟೇ ಹೊತ್ತಿಗೆ 300. ನಿವ್ವಳ 100. ಅದರ ಅಲುಗಾಟ 10 ಅಂತ ಬರೆದಿರಾ? ತಪ್ಪು. ಎಣಿಕೆ ಕಳೆದರೂ ಅಲುಗಾಟ ಕೂಡಿಕೊಳ್ಳುತ್ತದೆ: 400 ಮತ್ತು 300 ಸೇರಿ 700, ಅದರ ವರ್ಗಮೂಲ ಸುಮಾರು 26. ನಿಮ್ಮ ಸಾಲ ಕಳೆದರೂ ಬಡ್ಡಿ ಇಬ್ಬರದ್ದೂ ಕಟ್ಟಿದಂತೆ.

ದೊಡ್ಡ ಡಿಟೆಕ್ಟರ್ ಯಾಕೆ ಬೇಕು ಅನ್ನುವುದು ಇಲ್ಲೇ ಅರ್ಥವಾಗುತ್ತದೆ. ಊಟಿಯಲ್ಲಿ ಆಕಾಶದಿಂದ ಬರುವ ಕಣಗಳನ್ನು ಅಳೆಯುವ ಗ್ರೇಪ್ಸ್-3 ಪ್ರಯೋಗದ ಮ್ಯೂಆನ್ ಡಿಟೆಕ್ಟರ್ 560 ಚದರ ಮೀಟರ್, ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್ ಎಣಿಸುತ್ತದೆ. ನಿಮಿಷಕ್ಕೆ ಹತ್ತಿರ ಹತ್ತಿರ 28 ಲಕ್ಷ, ಅಲುಗಾಟ ಶೇಕಡಾ 0.06. 2014ರ ಡಿಸೆಂಬರ್ 1ರಂದು ಗುಡುಗು ಮೋಡ ಮೇಲೆ ಬಂದಾಗ ಮೋಡದ ಕಡೆಯಿಂದ ಬರುವ ಮ್ಯೂಆನ್ ಶೇಕಡಾ ಎರಡರಷ್ಟು ಇಳಿದವು. ಅದರಿಂದ ಮೋಡದ ವೋಲ್ಟೇಜ್ ಸುಮಾರು 130 ಕೋಟಿ ವೋಲ್ಟ್ ಅಂತ ಲೆಕ್ಕ ಹಾಕಿದರು. ನನ್ನ ಅಂಗೈ ಅಗಲದ ತಟ್ಟೆಯ ಮೇಲೆ ಅದೇ ಮೋಡ ಹಾದಿದ್ದರೆ? ನಿಮಿಷಕ್ಕೆ 100, ಅಲುಗಾಟ 10, ಎರಡು ಕಡಿಮೆಯಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೆಳಗ ಇಳಿದಾಗ

ಈಗ ಕಾಕಾನ ಪ್ರಶ್ನೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಅಳೆದು ಉತ್ತರ ಕಂಡುಕೊಂಡಿದ್ದಾರೆ, ಹಟ್ಟಿಯಲ್ಲಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ. 1950ರ ದಶಕದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಿ.ವಿ. ಶ್ರೀಕಂಠನ್ ಅಲ್ಲಿ ಬೇರೆ ಬೇರೆ ಆಳಕ್ಕೆ ಕೌಂಟರ್ ಇಳಿಸಿ ಮ್ಯೂಆನ್ ಎಣಿಸಿದ್ದರು. ಆಳ ಹೋದಂತೆ ಎಣಿಕೆ ಇಳಿಯುತ್ತಾ ಹೋಯಿತು. 1960ರ ದಶಕದ ಮೊದಲಲ್ಲಿ ಇನ್ನೂ ಕೆಳಗಿನ ಲೆವೆಲ್‌ನಲ್ಲಿ ಸುಮಾರು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸೊನ್ನೆ ಬಂದರೆ ನಾವು ತಂತಿ ಅಲ್ಲಾಡಿಸುತ್ತೇವೆ. ಅವರು ಸೊನ್ನೆಯನ್ನೂ ಅಳತೆ ಅಂತಲೇ ಓದಿದರು. ಸೊನ್ನೆ ಬಂತು ಅಂದರೆ ನಿಜವಾದ ದರವೂ ಸೊನ್ನೆ ಅಂತಲ್ಲ. ಸರಾಸರಿ 2.3 ಬರಬೇಕಿದ್ದ ಜಾಗದಲ್ಲೂ ನೂರರಲ್ಲಿ ಹತ್ತು ಸಲ ಸೊನ್ನೆ ಬರಬಹುದು. ಅದಕ್ಕೇ 60 ದಿನ ಸೊನ್ನೆ ಕಂಡರೆ, "60 ದಿನಕ್ಕೆ 2.3ಕ್ಕಿಂತ ಕಡಿಮೆ, ಅಂದರೆ 26 ದಿನಕ್ಕೆ ಒಂದಕ್ಕಿಂತ ಜಾಸ್ತಿ ಇಲ್ಲ, ಭರವಸೆ ಶೇಕಡಾ 90" ಅಂತ ಬರೆಯಬಹುದು. ಮೇಲಿನ ಗದ್ದಲ ಮುಟ್ಟದ ಇಂಥ ಜಾಗ ಯಾವುದಕ್ಕೂ ಸುಲಭವಾಗಿ ಬಡಿಯದೆ ಹಾದುಹೋಗುವ ನ್ಯೂಟ್ರಿನೋ ಕಣ ಹುಡುಕುವವರಿಗೆ ಬಂಗಾರಕ್ಕಿಂತ ಹೆಚ್ಚು.

1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಡಿಟೆಕ್ಟರ್ ಕಟ್ಟಿದರು. ಅದರ ಆಕಾರದಲ್ಲೇ ಜಾಣತನ ಇದೆ. ತಟ್ಟೆಗಳನ್ನು ಮಲಗಿಸಲಿಲ್ಲ, ಗೋಡೆಯಂತೆ ನಿಲ್ಲಿಸಿದರು. ಅಷ್ಟು ಆಳಕ್ಕೆ ಉಳಿದು ಬರುವ ಒಂದೋ ಎರಡೋ ಮ್ಯೂಆನ್ ನೆತ್ತಿಯ ಮೇಲಿಂದಲೇ ಬರಬೇಕು, ಓರೆಯಾಗಿ ಬಂದರೆ ದಾಟಬೇಕಾದ ಕಲ್ಲು ಇನ್ನೂ ಜಾಸ್ತಿ. ನ್ಯೂಟ್ರಿನೋಗೆ ಕಲ್ಲಿನ ಲೆಕ್ಕವೇ ಇಲ್ಲ. ಅದು ಪಕ್ಕದ ಬಂಡೆಯಲ್ಲಿ ಎಲ್ಲೋ ಬಡಿದು ಹುಟ್ಟಿಸಿದ ಮ್ಯೂಆನ್ ಅಡ್ಡಡ್ಡ ಬರಬಹುದು. ಎದುರುಬದುರು ನಿಂತ ಎರಡು ಗೋಡೆ ಒಟ್ಟಿಗೆ ಮಿಂಚಿದರೆ, ನಡುವಿನ ನಿಯಾನ್ ಕೊಳವೆಗಳು ಹೊತ್ತಿ ದಾರಿ ತೋರಿಸುತ್ತವೆ. ಆ ವರ್ಷವೇ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಗುಂಪಿಗೂ ಅದೇ ವರ್ಷ ಸಿಕ್ಕಿತು.

ಆಳವನ್ನು ಇವರು ಬರೀ ಮೀಟರಿನಲ್ಲಿ ಹೇಳುವುದಿಲ್ಲ. ತಡೆಯುವುದು ಕಲ್ಲಿನ ತೂಕ. ಆದ್ದರಿಂದ ಎಷ್ಟು ಮೀಟರ್ ನೀರಿಗೆ ಸಮ ಅಂತ ಹೇಳುತ್ತಾರೆ. ಕೋಲಾರದ ಕಲ್ಲು ನೀರಿಗಿಂತ ಮೂರು ಪಟ್ಟು ಭಾರ, ಹಾಗಾಗಿ 2.3 ಕಿಲೋಮೀಟರ್ ಅಂದರೆ ಸುಮಾರು 7000 ಮೀಟರ್ ನೀರು. ಸಂಡೂರಿನ ಕಬ್ಬಿಣದ ಅದಿರಾಗಿದ್ದರೆ ಒಂದು ಮೀಟರಿಗೇ ನಾಲ್ಕೈದು ಮೀಟರ್ ನೀರು ಸಿಗುತ್ತಿತ್ತು.

ಕಾಕಾನಿಗೆ ಇಷ್ಟು ಹೇಳಿದೆ: ಕೆಳಗೂ ಬರ್ತಾವೆ, ಆದರೆ ತುಂಬ ಕಡಿಮೆ, ಎಷ್ಟು ಅನ್ನುವುದು ನಿಮ್ಮ ಕಲ್ಲು ಎಷ್ಟು ಭಾರ ಅನ್ನುವುದರ ಮೇಲೆ ನಿಂತಿದೆ. ಮುಂದಿನ ವಾರ ಕಡುಹಸಿರು ಬಣ್ಣದ ಒಂದು ತುಂಡು ಕಲ್ಲು ತಂದುಕೊಟ್ಟರು. ಮನೆಯಲ್ಲಿದ್ದ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ತೂಗಿದೆ: 870 ಗ್ರಾಂ. ಬಕೆಟ್ ನೀರಿನಲ್ಲಿ ಮುಳುಗಿಸಿ ತೂಗಿದೆ: 570. ಕಡಿಮೆಯಾದದ್ದು 300, 870ನ್ನು 300ರಿಂದ ಭಾಗಿಸಿದರೆ 2.9. ತಕ್ಕಡಿಯ ಗೀಟು ಹತ್ತು ಹತ್ತು ಗ್ರಾಮಿಗೆ ಇತ್ತು, ಆದ್ದರಿಂದ ನೋಟ್‌ಬುಕ್ಕಿನಲ್ಲಿ 2.9 ± 0.1 ಅಂತ ಬರೆದೆ. ಕಾಕಾ ಬಗ್ಗಿ ನೋಡಿ, ಕೂಡಿಸುವ-ಕಳೆಯುವ ಚಿಹ್ನೆಯ ಮೇಲೆ ಬೆರಳಿಟ್ಟರು. "ಇಷ್ಟೆಲ್ಲ ತೂಗಿ ಕಡೀಗೆ ಹೌದೋ ಅಲ್ಲೋ ಅಂತ ಬರದೀ ಏನಪ್ಪ?"